ಶಹಾಪುರಕ್ಕೂ ಬಂದ ಅಪ್ಪನ ಕೋಪ

“ನಮ್ಮತ್ತಿಗಿ ಯಾಕ್ ಹೊಡದ್ರಿ, ಅಕ್ಕೋರ?”

ಶಹಾಪುರಕ್ಕೆ ಬಂದ ನಾಲ್ಕನೆಯ ತಿಂಗಳು ಒಂದು ಬೆಳಗ್ಗೆ ಬಾಗಿಲು ತೆಗೆದರೆ, ಹೊಸ್ತಿಲಾಚೆ ನಿಂತಿದ್ದ ಹೆಂಗಸು ಹೀಗೆ ಕೇಳಿದಳು. ಅಕ್ಕೋರು ಎಂದರೆ ಈ ಕಡೆ ಶಾಲೆಯ ಶಿಕ್ಷಕಿ. ನಾನು ಕಕ್ಕಾಬಿಕ್ಕಿಯಾದೆ. ಅವಳ ಅತ್ತೆಯನ್ನು ನಾನು ಕಂಡೇ ಇರಲಿಲ್ಲ. ಹೊಡೆದದ್ದೇನೋ ನಿಜ, ಆದರೆ ಏಳನೇ ತರಗತಿಯ ಭೀಮವ್ವನನ್ನು. ಹದಿಮೂರು ವರ್ಷದ ಹುಡುಗಿ.

“ಆಕೀನ ನಮ್ಮತ್ತಿ. ಅತ್ತಿ ಸತ್ತು ವರ್ಷ ತುಂಬೂದ್ರೊಳಗ ಹುಟ್ಟಿ ಬಂದಾಳ, ಅದಕ್ಕ ಅದ ಹೆಸರು ಇಟ್ಟೇವಿ. ನಾ ಹಡದಾಕಿ, ನಾನ ಆಕಿಗಿ ಒಂದು ಏಟು ಹಾಕಿಲ್ಲ. ನೀವ್ಯಾರ್ರಿ ಹೊಡ್ಯಾಕ? ಇನ್ನ ಸಾಲಿಗಿ ಕಳ್ಸಂಗಿಲ್ಲ. ಹೊಲದ ಕೆಲಸಕ್ಕ ಬರ್ತಾಳ.” ಇಷ್ಟು ಹೇಳಿ ಹುಡುಗಿಯ ತಾಯಿ ದೇವಮ್ಮ ತಿರುಗಿ ಹೊರಟೇಬಿಟ್ಟಳು.

ನಮ್ಮ ಮದ್ದೂರಿನ ಕಡೆ ಮೇಷ್ಟ್ರು ಹೊಡೆದರೆ “ಇನ್ನೂ ನಾಲ್ಕು ಬಿಡಿ ಸ್ವಾಮಿ” ಎನ್ನುವ ತಂದೆ ತಾಯಂದಿರನ್ನೇ ನೋಡಿ ಬೆಳೆದವಳು ನಾನು. ಇಲ್ಲಿ ಸತ್ತವರ ಪರವಾಗಿ ಜಗಳಕ್ಕೆ ಬರುತ್ತಾರೆ.

ಕನ್ನಡ ನಾಡು ಒಂದಾಯಿತೆಂದು ಊರಲ್ಲಿ ನಾವೂ ಸಿಹಿ ಹಂಚಿದ್ದೆವು. ಇಲ್ಲಿನ ಉರ್ದು ಶಾಲೆಗಳು ಕನ್ನಡಕ್ಕೆ ತಿರುಗಿದಾಗ ಇತ್ತ ಬರಲು ನಮ್ಮ ಕಡೆಯ ಶಿಕ್ಷಕರು ಯಾರೂ ಒಪ್ಪಲಿಲ್ಲ. ನಾನು ಕೇಳಿ ಹಾಕಿಸಿಕೊಂಡೆ. ಬಂದು ನೋಡಿದರೆ ನನ್ನ ಕನ್ನಡ ಇವರಿಗೆ ನಗು, ಇವರ ಕನ್ನಡ ನನಗೆ ಜಗಳ. ಒಬ್ಬಂಟಿ ಹೆಣ್ಣಿಗೆ ಖೋಲಿ, ಅಂದರೆ ಬಾಡಿಗೆ ಕೋಣೆ, ಸಿಗುವುದೇ ದುಸ್ತರ. ಸಿಕ್ಕಿದ್ದಕ್ಕೆ ಹಾಸುಗಲ್ಲಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ಕೂತರೆ ಬೇಯುತ್ತೇನೆ. ಮುದ್ದೆ ಉಣ್ಣುತ್ತಿದ್ದ ಬಾಯಿಗೆ ಜೋಳದ ರೊಟ್ಟಿ ಒಗ್ಗಿತು, ಆದರೆ ಎದುರಿಗೆ ಕೂತು ಉಣ್ಣುವವರು ಯಾರೂ ಇಲ್ಲ. ಊರ ಬೆಟ್ಟಸಾಲು ಮಲಗಿದ ಬುದ್ಧನ ಹಾಗಿದೆ ಎಂದು ಎಲ್ಲರೂ ಕೈ ತೋರಿಸುತ್ತಾರೆ. ನನಗೆ ಬರೀ ಬಂಡೆ ಕಾಣುತ್ತಿತ್ತು.

ಇಷ್ಟು ದೂರ ಯಾಕೆ ಬಂದೆ ಎಂದರೆ, ನಮ್ಮಪ್ಪನ ಕೋಪದಿಂದ ಓಡಿ ಬಂದೆ. ಅಪ್ಪ ಸಿಟ್ಟಿಗೆದ್ದರೆ ಊಟದ ತಟ್ಟೆ ಅಂಗಳಕ್ಕೆ ಹೋಗುತ್ತಿತ್ತು, ಹಿಂದೆಯೇ ಅಮ್ಮನೂ. ಅವನು ಸತ್ತ ಮೇಲೂ ನಾನು ದನಿ ಎತ್ತಿದರೆ ಸಾಕು, “ಥೇಟ್ ಅಪ್ಪನೇ ಕಣೇ ನೀನು” ಎನ್ನುವರು. ಯಾರಿಗೂ ನನ್ನ ಗುರುತಿಲ್ಲದ ಊರಿಗೆ ಹೋದರೆ ಈ ಶನಿ ಬಿಟ್ಟೀತು ಎಂದುಕೊಂಡಿದ್ದೆ.

ಭೀಮವ್ವನನ್ನು ಹೊಡೆದ ದಿನ ತರಗತಿಯಲ್ಲಿ ಬಟಾಣಿ ಗಿಡದ ಪಾಠ. ಎತ್ತರದ ಗಿಡ, ಗಿಡ್ಡ ಗಿಡ, ತಲೆಮಾರಿನಿಂದ ತಲೆಮಾರಿಗೆ ಲಕ್ಷಣ ಹೇಗೆ ಇಳಿದು ಬರುತ್ತದೆ ಎಂದು ಹೇಳುತ್ತಿದ್ದೆ. ಭೀಮವ್ವ ಎದ್ದು ನಿಂತಳು. “ಗುಣಾನೂ ಹಿಂಗ ಬರ್ತಾವೇನ್ರಿ? ಸಿಟ್ಟಿನವರ ಮಕ್ಕಳು ಸಿಟ್ಟಿನವರ ಆಗ್ತಾರೇನ್ರಿ?” ಕೂತ್ಕೋ ಎಂದೆ. ಕೂರಲಿಲ್ಲ. “ಹೇಳ್ರಿ ಅಕ್ಕೋರ, ಆಗ್ತಾರೇನು?” ರೂಲುದೊಣ್ಣೆಯಿಂದ ಬಾರಿಸಿದೆ. ಒಂದಲ್ಲ, ಮೂರು. ಆಮೇಲೆ ನನ್ನ ಉಸಿರಾಟ ನನಗೇ ಕೇಳಿಸಿತು. ಅದು ಅಪ್ಪನ ಉಸಿರಾಟ.

ದೇವಮ್ಮ ಬಂದು ಹೋದ ಮೇಲೆ ಎರಡು ದಿನ ಹುಡುಗಿ ಬರಲಿಲ್ಲ. ಊರಾಚೆಯ ಅವರ ಕೇರಿಯಿಂದ ಏಳನೆಯವರೆಗೆ ಬಂದ ಹೆಣ್ಣು ಅವಳೊಬ್ಬಳೇ. ಸಂಜೆ ಅವರ ಮನೆಗೇ ಹೋದೆ.

ಭೀಮವ್ವನ ಅಪ್ಪ ಮಲ್ಲಪ್ಪ ಕಚೇರಿಯಲ್ಲಿ ಕಾರಕೂನ. ಅವರು ಬುದ್ಧನ ದಾರಿ ಹಿಡಿದು ಹೆಚ್ಚು ಕಾಲವಾಗಿರಲಿಲ್ಲ. ಮನೆಯ ದೇವರ ಜಗಲಿ ಖಾಲಿ ಇತ್ತು. “ಬರ್ರಿ, ಕೂಡ್ರಿ” ಎಂದು ಚಹಾ ಕೊಟ್ಟರು. ನಾನು ಕುಡಿಯುವುದನ್ನು ಮೂವರೂ ಕಣ್ಣಿಟ್ಟು ನೋಡಿದರು.

“ತಪ್ಪಾಯ್ತು, ಕೈ ಮೀರೋಯ್ತು,” ಎಂದೆ. “ಈ ಕೋಪ ನಮ್ಮಪ್ಪಂದು. ರಕ್ತದಲ್ಲೇ ಬಂದ್ಬಿಟ್ಟಿದೆ, ನಾನೇನ್ಮಾಡ್ಲಿ?”

ಮಲ್ಲಪ್ಪ ಚಹಾದ ಬಸಿ ಕೆಳಗಿಟ್ಟರು. “ರಕ್ತದಾಗ ಗುಣ ಬರ್ತೈತಿ ಅಂತ ನೀವೂ ಅಂತೀರೇನ್ರಿ? ಇದ ಮಾತು ಹೇಳಿ ನಮ್ಮ ಮಂದೀನ ಬಾವಿಗಿ ಬರಗೊಡಲಿಲ್ಲ. ಹಿಂದಿನ ಜನ್ಮದಾಗ ಪಾಪ ಮಾಡೀರಿ, ಅದಕ್ಕ ಇಲ್ಲಿ ಹುಟ್ಟೀರಿ ಅಂದ್ರು. ಅದನ್ನ ಬಿಟ್ಟು ನಾ ಈ ಕಡಿ ಬಂದೇನಿ. ನೀವು ಪುಸ್ತಕ ಹಿಡಕೊಂಡು ಅದನ್ನ ಮತ್ತ ತಂದ್ರಿ.”

ಮುಖಕ್ಕೆ ಹೊಡೆದ ಹಾಗಾಯಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ! ಬುದ್ಧನೂ ಮರುಹುಟ್ಟು ಒಪ್ಪಿದ್ದಾನಲ್ಲ ಎಂದೆ.

“ಒಪ್ಪ್ಯಾನ್ರಿ. ಆದ್ರ ಆತ್ಮ ಅನ್ನೂದು ಗಂಟು ಕಟ್ಟಿಕೊಂಡು ಈ ಮನಿಯಿಂದ ಆ ಮನಿಗಿ ಹೋಗೂದಿಲ್ಲ. ಮಾಡಿದ್ದು ಮುಂದ ನಡೀತೈತಿ, ಅಷ್ಟ. ನಮ್ಮವ್ವನ ಬೈಗಳ ನನ್ನ ಬಾಯಾಗ ಐತಿ, ಆಕಿ ಹಟ ಈ ಕೂಸಿನ ಮೈಯಾಗ ಐತಿ. ನಮ್ಮವ್ವ ಮಾತ್ರ ಎಲ್ಲೂ ಇಲ್ಲ.”

“ಅದಾಳ!” ಒಲೆಯ ಮುಂದಿನಿಂದ ದೇವಮ್ಮ ಕೂಗಿದಳು.

ಮಲ್ಲಪ್ಪ ನಗಲಿಲ್ಲ. “ನಿಮ್ಮಪ್ಪನ ಸಿಟ್ಟು ನಿಮಗ ಬಂದಿದ್ದೀತು, ಇಲ್ಲ ಅನ್ನಂಗಿಲ್ಲ. ಆದ್ರ ಮೊನ್ನಿ ಹೊಡದದ್ದು ನಿಮ್ಮ ಕೈ. ನಿಮ್ಮಪ್ಪ ಶಹಾಪುರಕ್ಕ ಬಂದಿರಲಿಲ್ಲ.”

ಭೀಮವ್ವ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. “ಮತ್ತ ಹೊಡೀತೀರೇನ್ರಿ?”

“ಸಿಟ್ಟು ಬರುತ್ತೆ. ಹೊಡೆಯೋದಿಲ್ಲ.”

“ಹಂಗಾರ ನಾ ಕೇಳಿದ್ದು ಹೇಳ್ರಿ.”

ಬಣ್ಣ, ಎತ್ತರ ಬರುವುದು ನಿಜ, ಸಿಟ್ಟು ಎಷ್ಟು ಬರುತ್ತದೆ ಎಂದು ನಮ್ಮ ಪುಸ್ತಕದಲ್ಲಿಲ್ಲ, ನನಗೂ ಗೊತ್ತಿಲ್ಲ ಎಂದೆ. ಅವಳು ತಾಯಿಯ ಕಡೆ ತಿರುಗಿದಳು. “ಯವ್ವಾ, ನಾ ನಾಳಿ ಸಾಲಿಗಿ ಹೋಗ್ತೇನಿ.” ಅತ್ತೆಯ ಮಾತು, ಮೀರುವುದುಂಟೇ! ದೇವಮ್ಮ ತಲೆಯಾಡಿಸಿ ರೊಟ್ಟಿ ತಟ್ಟಿದಳು.

ಆಮೇಲಿನ ದಿನಗಳು ಸುಲಭದವಾಗಿರಲಿಲ್ಲ. ಸಿಟ್ಟು ಬಂದರೆ ಅಪ್ಪನ ತಲೆಗೆ ಕಟ್ಟಿ ಹಗುರಾಗುತ್ತಿದ್ದವಳು ಈಗ ಒಬ್ಬಳೇ ಹೊರಬೇಕಾಯಿತು. ದೊಣ್ಣೆ ಬಿಟ್ಟೆ. ಹಲ್ಲು ಕಚ್ಚಿದೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ತಂಗಿಯ ಮಗಳು ನನ್ನ ಹೊಸ ಸೀರೆಯ ಮೇಲೆ ಮಸಿ ಚೆಲ್ಲಿದಳು. ಮನೆಯವರೆಲ್ಲ ಉಸಿರು ಬಿಗಿಹಿಡಿದರು. ನಾನು ಸೀರೆ ಎತ್ತಿ ನೀರಿಗೆ ಹಾಕಿ ಬಂದೆ.

ಅಮ್ಮ ನನ್ನನ್ನೇ ನೋಡುತ್ತಿದ್ದಳು. “ಇದೇನೇ, ಯಾರ ಥರ ಆಗ್ಬುಟ್ಟೆ ನೀನು? ನಿಮ್ಮಪ್ಪ ಒಂಚೂರೂ ಕಾಣಲ್ವಲ್ಲೇ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಹೊಡೆಸಿಕೊಂಡವಳು! ಆ ಮನೆಯಲ್ಲಿ ಅಪ್ಪ ಇನ್ನೂ ಉಳಿದಿದ್ದದ್ದು ನನ್ನ ಕೋಪದಲ್ಲಿ ಮಾತ್ರ ಎಂದು ನನಗೆ ಆಗ ತಿಳಿಯಿತು.

ಶಹಾಪುರಕ್ಕೆ ಮರಳಿದ್ದೇನೆ. ಇಲ್ಲಿ ನನ್ನಲ್ಲಿ ಅಪ್ಪನನ್ನು ಕಾಣುವವರು ಒಬ್ಬರೂ ಇಲ್ಲ. ಅದಕ್ಕೇ ಅಲ್ಲವೇ ಇಷ್ಟು ದೂರ ಬಂದದ್ದು? ಆದರೂ ಕೆಲವು ಸಂಜೆ, ಯಾರಾದರೂ ಒಬ್ಬರು ಬಂದು ಥೇಟ್ ಅಪ್ಪನೇ ಎಂದು ಬೈದು ಹೋಗಲಿ ಅನ್ನಿಸುತ್ತದೆ.