ಜಡೆ ತಾನಾಗಿ ಬೀಳಲಿಲ್ಲ

ಸರಿಯಾಗಿ ಒಣಗದ ಜಡೆಗೆ ಒಂದು ವಾಸನೆ ಇರುತ್ತೆ ಕಣ್ರೀ. ನೆಂದ ಗೋಣಿಚೀಲ ಮೂಲೇಲಿ ಎರಡು ದಿನ ಬಿದ್ದಿದ್ರೆ ಬರುತ್ತಲ್ಲ, ಹಂಗೆ. ಹೋದ ವಾರ ನಮ್ಮ ಪಾರ್ಲರ್ ಬಾಗಿಲು ತಳ್ಕೊಂಡು ಒಬ್ಬಳು ಹುಡುಗಿ ಒಳಗೆ ಬಂದ್ಲು. ಅವಳಿಗಿಂತ ಮುಂಚೆ ಆ ವಾಸನೆ ಬಂತು. ಮಾರತ್ತಹಳ್ಳಿ ಕಡೆ ಯಾವುದೋ ಆಫೀಸಂತೆ, ಇಲ್ಲಿ ದಾಸರಹಳ್ಳೀಲಿ ಅಕ್ಕನ ಮನೆಗೆ ಬಂದಿದ್ಲಂತೆ. ತಲೆ ತುಂಬ ಹಗ್ಗದ ಹಾಗೆ ಗಂಟುಗಂಟು ಕೂದಲು. ‘ನ್ಯಾಚುರಲ್ ಡ್ರೆಡ್‌ಲಾಕ್ಸ್ ಆಂಟಿ, ಎಂಟು ತಿಂಗಳಿಂದ ಬಾಚಿಲ್ಲ, ಯಾಕೋ ಸ್ಮೆಲ್ ಬರ್ತಿದೆ’ ಅಂದ್ಲು.

‘ತೊಳೆದು ಹಂಗೇ ಕಟ್ಕೊಂಡ್ಬಿಡ್ತೀಯ, ಅದಕ್ಕೇ’ ಅಂದೆ. ಉಜ್ಜಬೇಡ, ಹಿಂಡು. ಟವೆಲ್ ಬೇಡ, ಹಳೇ ಹತ್ತಿ ಸೀರೆ ತಗೋ. ಬುಡ ಒಣಗಿದೆ ಅಂತ ನಂಬಬೇಡ, ತುದೀನ ಕೆನ್ನೆಗೆ ಒತ್ಕೊಂಡು ನೋಡು, ತಣ್ಣಗಿದ್ರೆ ಒಳಗಿನ್ನೂ ನೀರಿದೆ ಅಂತ ಅರ್ಥ. ಪಕ್ಕದ ಜಡೆ ಕೂದಲು ಇದಕ್ಕೆ ಸೇರದ ಹಾಗೆ ವಾರಕ್ಕೊಂದು ಸಲ ಬುಡದಲ್ಲಿ ಬೆರಳಾಡಿಸಿ ಬಿಡಿಸ್ಕೋ. ಒಂದೇ ಉಸಿರಿಗೆ ಒದರಿಬಿಟ್ಟೆ. ಆ ಹುಡುಗಿ ಬಾಯಿ ಬಿಟ್ಕೊಂಡು ನೋಡ್ತಾ ‘ಯಾವ ಕೋರ್ಸ್ ಮಾಡಿದ್ರಿ ಆಂಟಿ?’ ಅಂತ ಕೇಳಿದ್ಲು. ಸುಮ್ಮನೆ ನಕ್ಕೆ.

ನನಗೆ ಕಲಿಸಿದ್ದು ನಮ್ಮ ಮೇಲಿನ ರೂಮಿನ ಅಕ್ಕ.

ನಮ್ಮಪ್ಪ ಹೊಲ ಇದ್ದ ಜಾಗದಲ್ಲಿ ಸಾಲಾಗಿ ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ರು. ಕೆಳಗಡೆ ರಸ್ತೆಗೆ ಮುಖ ಮಾಡಿರೋ ಅಂಗಡಿ ನನ್ನ ಪಾಲಿಗೆ ಬಂತು, ಅಲ್ಲಿ ಪಾರ್ಲರ್ ಹಾಕ್ಕೊಂಡೆ. ಅಕ್ಕ ಬಾಗಲಕೋಟೆ ಕಡೆಯವಳು. ಗಂಡ ತೀರ್ಕೊಂಡ ಮೇಲೆ ಮಗಳನ್ನ ಕಟ್ಕೊಂಡು ಇಲ್ಲಿಗೆ ಬಂದು, ಪೀಣ್ಯದಲ್ಲಿ ಮೋಟರಿಗೆ ತಾಮ್ರದ ತಂತಿ ಸುತ್ತೋ ಕಾರ್ಖಾನೆಗೆ ಸೇರಿದ್ಲು. ತಲೇಲಿ ಮೂರು ಜಡೆ. ನಾವು ಹೆಣೆದುಕೊಳ್ಳೋ ಜಡೆ ಅಲ್ಲ, ತಾನಾಗಿ ಗಂಟು ಬಿದ್ದು ಬೆಳೆದಿದ್ದು. ಎರಡು ಸಣ್ಣವು. ನಡುವಿನದು ನನ್ನ ಮಣಿಕಟ್ಟಿನಷ್ಟು ದಪ್ಪ, ಸೊಂಟ ದಾಟಿತ್ತು, ಭಂಡಾರ ಹಚ್ಚಿ ಹಚ್ಚಿ ಹಳದಿಗೆ ತಿರುಗಿತ್ತು. ಅವರ ಕಡೆ ಅರಿಶಿನಪುಡಿಗೆ ಭಂಡಾರ ಅಂತಾರೆ.

ಮಗಳಿಗೆ ನಾಲ್ಕು ವರ್ಷ ಇದ್ದಾಗ ಜ್ವರ ನೆತ್ತಿಗೇರಿ, ಡಾಕ್ಟ್ರು ಕೈ ಚೆಲ್ಲಿದ್ರಂತೆ. ಅಕ್ಕ ಹದಿನೈದು ದಿನ ತಲೆ ಬಾಚದೆ ಕೂತಿದ್ಲು. ಮಗು ಕಣ್ಣು ಬಿಟ್ಟಾಗ ಹಿಂದೆ ನಡುವಿನ ಗಂಟು ಬಿದ್ದಿತ್ತು, ಸಣ್ಣವೆರಡು ಆಮೇಲೆ ಬಂದವು. ಎಲ್ಲವ್ವ ತಲೆ ಮೇಲೆ ಬಂದು ಕೂತಿದ್ದಾಳೆ, ಆ ನಡುವಿನದು ಇರೋವರೆಗೂ ಮಗಳಿಗೆ ಏನೂ ಆಗಲ್ಲ ಅಂತ ಅಕ್ಕನ ನಂಬಿಕೆ. ಬಾಚಣಿಗೆ ತೋರಿಸೋ ಹಾಗಿಲ್ಲ, ಕಬ್ಬಿಣ ತಾಗಿಸೋ ಹಾಗಿಲ್ಲ. ಹರಕೆ ಯಾರಿಗೋಸ್ಕರವೋ ಅವರು ಕೈ ಹಚ್ಚೋ ಹಾಗೂ ಇಲ್ಲ. ಹಾಗಾಗಿ ಮಗಳು ಮುಟ್ಟೋದಿಲ್ಲ. ತಂತಿ ಸುತ್ತಿ ಸುತ್ತಿ ಅಕ್ಕನ ಭುಜ ಹೋಗಿತ್ತು, ಕೈ ಕಿವಿಗಿಂತ ಮೇಲೆ ಏಳ್ತಿರಲಿಲ್ಲ. ಒಂದು ಶುಕ್ರವಾರ ಕೆಳಗೆ ಇಳಿದು ಬಂದು, ‘ತಂಗೀ, ಇದಕ್ಕೊಂದೀಟು ನೀರು ಹಾಕಿ ಕೊಡ್ತೀಯೇನ?’ ಅಂತ ಕೇಳಿದ್ಲು.

ಮೊದಲ ಸಲ ನನಗೆ ಅಸಹ್ಯ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಊರಿನವರ ತಲೆ ನೀಟ್ ಮಾಡಿ ಕಳಿಸೋ ನಾನು ಈ ಗಂಟಿಗೆ ಕೈ ಇಡೋದಾ ಅಂತ. ಅಂಟುವಾಳ ಕಾಯಿ ನೀರು ಅವಳೇ ತಂದಿರ್ತಿದ್ಲು. ತಪ್ಪು ಮಾಡಿದ್ರೆ ತಲೆ ಬಗ್ಗಿಸಿದಲ್ಲಿಂದಲೇ ಬೈತಿದ್ಲು. ‘ಹಿಂಡ ಅಂದ್ರ ಒಗೀತಿಯಲ್ಲ! ಏನು ಕಂಬಳಿ ಅಂದ್ಕೊಂಡಿಯೇನು?’ ಒಂದೆರಡು ತಿಂಗಳಲ್ಲಿ ಕೈ ಪಳಗ್ತು. ಟೇಬಲ್ ಫ್ಯಾನ್ ಸಣ್ಣಗೆ ಇಟ್ಟು ಒಣಗಿಸ್ತಾ ಕೂರ್ತಿದ್ದೆ. ಮೊದಲ ಶಿಫ್ಟು ಮುಗಿಸಿ ಬಂದ ಅಕ್ಕ ಕುರ್ಚೀಲೇ ತೂಕಡಿಸ್ತಿದ್ಲು. ‘ನಿನ್ನ ಕೈಯಾಗ ನಿದ್ದಿ ಬರ್ತದ ನೋಡು’ ಅಂತಿದ್ಲು. ಐದು ವರ್ಷ ಹೀಗೇ ನಡೀತು. ವಾರಕ್ಕೊಂದು ಮಧ್ಯಾಹ್ನ ನಾನು ಯಾರ ಹತ್ರಾನೂ ಆಡದ ಮಾತು ಆಡ್ತಿದ್ದಿದ್ದು ಅವಳ ಬೆನ್ನ ಹಿಂದೆ ಕೂತೇ... ನನ್ನ ಗಂಡನ ವಿಷಯ, ಮಕ್ಕಳಾಗದ ವಿಷಯ. ಮುಖ ಕಾಣಲ್ಲವಲ್ಲ, ಹೇಳೋದು ಸುಲಭ. ಅವಳು ‘ಹೂಂ’ ಅಂತಿದ್ಲು ಅಷ್ಟೇ. ಯಾರಿಗೂ ಬಾಯಿ ಬಿಡಲಿಲ್ಲ.

ಆಮೇಲೆ ಕಾರ್ಖಾನೇಲಿ ಹೊಸ ರೂಲು ಬಂತು. ತಿರುಗೋ ಮಿಷನ್ನಿನ ಹತ್ರ ಕೆಲಸ ಮಾಡೋರ ಕೂದಲು ಪೂರ್ತಿ ಟೋಪಿ ಒಳಗೆ ಇರಬೇಕು, ಹೊರಗೆ ಬಟ್ಟೆ ಸುತ್ತಿಕೊಂಡ್ರೆ ನಡೆಯಲ್ಲ. ಸಣ್ಣ ಜಡೆ ಎರಡೂ ಟೋಪಿಯೊಳಗೆ ಕೂತವು. ದೊಡ್ಡದು ಏನು ಮಾಡಿದ್ರೂ ಕೂರಲಿಲ್ಲ. ಸೂಪರ್‌ವೈಸರ್ ಎರಡು ತಿಂಗಳು ಟೈಮ್ ಕೊಟ್ಟಿದ್ದ. ‘ತಲಿ ತಗೀ ಅಂದ್ರ ತಗೀತೀನಿ, ಜಡಿ ತಗಿಯಂಗಿಲ್ಲ’ ಅಂತ ಅಕ್ಕ ಹಟ ಹಿಡಿದು ಕೂತ್ಲು.

ಒಂದು ದಿನ ಅವಳು ಕೆಲಸಕ್ಕೆ ಹೋಗಿದ್ದಾಗ ಮಗಳು ಪಾರ್ಲರಿಗೆ ಬಂದ್ಲು. ಆಗ ಬಿಕಾಂ ಎರಡನೇ ವರ್ಷ, ಚಿಕ್ಕಬಾಣಾವರದ ಕಡೆ ಕಾಲೇಜು. ಬಂದವಳೇ ಅತ್ಲು. ‘ಅವ್ವನ ಕೆಲಸ ಹೋದ್ರ ನನ್ನ ಕಾಲೇಜು ಮುಗೀತು ಆಂಟಿ. ಕತ್ತರಿಸಿದ್ರ ತಪ್ಪು. ತಾನ ಬಿದ್ರ ತಪ್ಪಿಲ್ಲಂತ. ನೀವು ಏನಾರ ಮಾಡ್ರೀ... ತಾನ ಬಿದ್ದಂಗ.’

ನಾನು ಯೋಚನೆ ಮಾಡಿದ್ದು ಅರ್ಧ ದಿನ ಕೂಡ ಇಲ್ಲ. ಗಂಟುಗೂದಲಿಗೋಸ್ಕರ ಹುಡುಗಿ ಓದು ಹಾಳಾಗೋದಾ? ನನಗೆ ಎಲ್ಲ ಗೊತ್ತು ಅನ್ನೋ ಕೊಬ್ಬು ಬೇರೆ. ಮುಂದಿನ ಶುಕ್ರವಾರ ಜಡೆ ಒಣಗಿಸೋವಾಗ, ಅಕ್ಕ ತೂಕಡಿಸ್ತಿದ್ದಾಗ, ಹುಬ್ಬಿನ ಕೂದಲು ಕತ್ತರಿಸೋ ಸಣ್ಣ ಕತ್ತರಿ ತಗೊಂಡು ಬುಡದಲ್ಲಿ ಒಳಗಿಂದ ಹತ್ತಿಪ್ಪತ್ತು ಎಳೆ ಕತ್ತರಿಸ್ದೆ. ಅದರ ಮುಂದಿನ ವಾರ ಇನ್ನಷ್ಟು. ಒಂದೇ ಸಲ ಕತ್ತರಿಸಿದ್ರೆ ಬುಡ ಮೊಂಡಾಗಿ ಕಂಡುಬಿಡುತ್ತೆ. ಸ್ವಲ್ಪ ಸ್ವಲ್ಪ ಮಾಡಿದ್ರೆ ಸವೆದ ಹಗ್ಗ ಕಿತ್ತ ಹಾಗಿರುತ್ತೆ. ಬುಡ ಬಿಡಿಸೋದು ಹೇಗೆ, ಯಾವ ಎಳೆ ಯಾವುದಕ್ಕೆ ಸೇರಿದ್ದು ಅಂತ ಅವಳೇ ಕಲಿಸಿದ್ದಳಲ್ಲ, ಆ ವಿದ್ಯೆಯನ್ನೇ ಅವಳ ಮೇಲೆ ತಿರುಗಿಸ್ದೆ. ಐದು ಶುಕ್ರವಾರ. ಅವಳು ನನ್ನ ಕೈಲಿ ತಲೆ ಕೊಟ್ಟು ನಿದ್ದೆ ಮಾಡ್ತಿದ್ಲು, ನಾನು ಕತ್ತರಿ ಆಡಿಸ್ತಿದ್ದೆ.

ಆರನೇ ವಾರ ಬೆಳಗ್ಗೆ ಅಕ್ಕ ಮೆಟ್ಟಿಲಿಳಿದು ಬಂದ್ಲು. ಎರಡೂ ಕೈಲಿ ಜಡೆ ಹಿಡ್ಕೊಂಡಿದ್ಲು, ಹಸುಗೂಸನ್ನ ಹಿಡ್ಕೊಂಡ ಹಾಗೆ. ಮಾತು ಮೊದಲೇ ಸಿದ್ಧ ಮಾಡಿಟ್ಕೊಂಡಿದ್ದೆನಲ್ಲ, ‘ತಾನಾಗೇ ಬಿತ್ತಾ ಅಕ್ಕ? ಹಾಗಾದ್ರೆ ಅಮ್ಮನೇ ಬಿಡುಗಡೆ ಕೊಟ್ಟಿದ್ದಾಳೆ, ಬಿಡು’ ಅಂದೆ.

ಅವಳು ನನ್ನ ಮುಖ ನೋಡಿದ್ಲು. ‘ಬಿಡುಗಡೆ ಅಲ್ಲ ತಂಗಿ. ಬಿಟ್ಟು ಹ್ವಾದ್ಲು. ನನ್ನ ಮಗಳನ್ನ ಇನ್ನ ಯಾರು ಕಾಯ್ತಾರ?’

ಇದೊಂದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ನನಗೆ ಬಿಡಿ, ಅವಳ ಮಗಳಿಗೂ ಹೊಳೆದಿರಲಿಲ್ಲ. ಕತ್ತರಿಸಿದ್ರೆ ಮನುಷ್ಯರ ತಪ್ಪು, ಅದಕ್ಕೆ ಶಾಂತಿ ಉಂಟು, ತಪ್ಪುಗಾಣಿಕೆ ಉಂಟು. ತಾನಾಗೇ ಬಿದ್ರೆ ದೇವಿ ಮುನಿಸ್ಕೊಂಡು ಎದ್ದು ಹೋದ ಹಾಗೆ, ಅದಕ್ಕೆ ಏನೂ ಇಲ್ಲ. ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು ನಮ್ಮ ಕೆಲಸ.

ಟೋಪಿಯೇನೋ ತಲೆಗೆ ಸರಿಯಾಗಿ ಕೂತ್ಕೊಳ್ತು. ತಲೆಯೇ ನೆಟ್ಟಗಿರಲಿಲ್ಲ. ಮಗಳನ್ನ ಕಾಲೇಜಿನ ಬಾಗಿಲವರೆಗೂ ಬಿಟ್ಟು ಅಲ್ಲೇ ಕಾಂಪೌಂಡಿನ ಪಕ್ಕ ಕೂರೋಕೆ ಶುರು ಮಾಡಿದ್ಲು. ಬಸ್ ಬ್ರೇಕ್ ಹಾಕಿದ್ರೆ ಹೆದರೋಳು, ಮಗಳು ಕೆಮ್ಮಿದ್ರೆ ಹೆದರೋಳು. ಶಿಫ್ಟು ತಪ್ಪಿತು. ಮೊದಲೆಲ್ಲ ಮಂಗಳವಾರ ಅಂದ್ರೆ ಅಕ್ಕಪಕ್ಕದ ರೂಮಿನ ಹೆಂಗಸರು ಅವಳ ಕೈಲಿ ಭಂಡಾರ ಇಡಿಸ್ಕೊಳ್ಳೋಕೆ ಬರ್ತಿದ್ರು. ಈಗ ಅವಳೇ ಬಾಗಿಲು ಹಾಕ್ಕೊಂಡ್ಲು. ‘ನಾ ಏನು ತಪ್ಪು ಮಾಡೀನಿ ಹೇಳು ತಂಗಿ, ನೆನಪ ಆಗವಲ್ದು’ ಅಂತ ನನ್ನನ್ನ ಕೇಳ್ತಿದ್ಲು. ನನ್ನನ್ನೇ!

ಒಂದು ಸಲ ಹೇಳಿಬಿಡೋಣ ಅಂತ ಮೇಲೆ ಹೋದೆ ಕಣ್ರೀ. ದೇವರಾಣೆ ಹೋದೆ. ಅಕ್ಕ ರೊಟ್ಟಿ ಬಡೀತಿದ್ಲು. ‘ಬಾ, ಬಿಸೀದು ಅದ’ ಅಂತ ಒಂದು ರೊಟ್ಟಿ, ಶೇಂಗಾ ಚಟ್ನಿ ಹಾಕಿ ತಟ್ಟೆ ಮುಂದಿಟ್ಲು. ಮಗಳು ಮೂಲೇಲಿ ಕೂತು ಬೇಡ ಅನ್ನೋ ಹಾಗೆ ಕಣ್ಣಲ್ಲೇ ನನ್ನನ್ನ ಬೇಡ್ಕೊಳ್ತಿದ್ಲು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ನನಗೂ ಅದೇ ಆಗಿತ್ತು. ಆದ್ರೆ ಮಗಳ ನೆಪ ಹೇಳಿ ನಾನು ತಪ್ಪಿಸ್ಕೊಳ್ಳೋಕೆ ಆಗಲ್ಲ. ದೇವಿ ಜಡೆಗೆ ಕತ್ತರಿ ಹಾಕಿದೋಳು ಅಂತ ಗೊತ್ತಾದ್ರೆ ಈ ಸಾಲಿನ ಒಂದು ಹೆಂಗಸೂ ನನ್ನ ಅಂಗಡಿ ಮೆಟ್ಟಿಲು ಹತ್ತಲ್ಲ ಅನ್ನೋ ಭಯ. ಅದಕ್ಕಿಂತ ಹೆಚ್ಚು, ಅಕ್ಕ ಇನ್ನು ನನ್ನ ಕೈಗೆ ತಲೆ ಕೊಡಲ್ಲ ಅನ್ನೋ ಭಯ. ಎರಡು ರೊಟ್ಟಿ ತಿಂದು ಕೆಳಗೆ ಬಂದೆ.

ಇನ್ನೊಂದು ತಿಂಗಳಿಗೆ ಅಕ್ಕ ಕೆಲಸ ಬಿಟ್ಲು. ಮಗಳ ಓದನ್ನೂ ಬಿಡಿಸಿದ್ಲು. ಯಾವ ಎರಡನ್ನ ಉಳಿಸೋಕೆ ನಾನು ಕೈ ಹಾಕಿದ್ನೋ ಆ ಎರಡೂ ಹೋದವು. ಎಲ್ಲವ್ವನ ಗುಡ್ಡದ ಹತ್ರಾನೇ ಇದ್ದು ಸೇವೆ ಮಾಡಿದ್ರೆ ದೇವಿ ಮತ್ತೆ ಮನಸ್ಸು ಮಾಡ್ತಾಳೇನೋ ಅಂತ ಊರಿಗೆ ಹೊರಟ್ಲು. ಟೆಂಪೋಗೆ ಸಾಮಾನೇರಿಸಿ, ನನ್ನ ಹಣೆಗೆ ಭಂಡಾರ ಇಟ್ಟು, ‘ಐದು ವರ್ಷ ಭಾಳ ಚಲೋ ನೋಡ್ಕೊಂಡಿ’ ಅಂದ್ಲು. ಮಗಳು ಆ ಕಡೆ ಮುಖ ತಿರುಗಿಸಿ ಕೂತಿದ್ಲು. ನಾನು ಆಗಲೂ ಬಾಯಿ ಬಿಡಲಿಲ್ಲ...

ಅದಾಗಿ ಆರು ವರ್ಷ. ಮಗಳ ನಂಬರ್ ನನ್ನ ಫೋನಲ್ಲಿತ್ತು, ಒಂದು ದಿನವೂ ಒತ್ತಿರಲಿಲ್ಲ. ಹೋದ ವಾರ ಆ ಆಫೀಸಿನ ಹುಡುಗಿ ಹೋದ ಮೇಲೆ ತಡೆಯೋಕೆ ಆಗಲಿಲ್ಲ, ಒತ್ತಿದೆ. ಎರಡು ರಿಂಗಿಗೆ ಎತ್ತಿದ್ಲು. ‘ಅಮ್ಮನಿಗೆ ಕೊಡಮ್ಮ, ಒಂದು ಮಾತು ಹೇಳ್ಬೇಕು’ ಅಂದೆ. ಅವ್ವ ಹೋಗಿ ಎರಡು ವರ್ಷ ಆಯ್ತು ಅಂದ್ಲು.

‘ನಾನು ಅವತ್ತೇ ಹೇಳ್ಬೇಕಿತ್ತು, ತಪ್ಪು ಮಾಡ್ಬಿಟ್ಟೆ’ ಅಂತ ಏನೇನೋ ತೊದಲಿದೆ.

‘ನಾ ಹೇಳಿದ್ದೆ ಆಂಟಿ’ ಅಂದ್ಲು. ‘ಊರಿಗೆ ಬಂದ ಮ್ಯಾಲ ಎಲ್ಲಾ ಬಾಯಿ ಬಿಟ್ಟು ಹೇಳಿದೆ. ನಂಬಲಿಲ್ಲ. ಆಕಿ ಹಂಗ ಮಾಡೂಕಿ ಅಲ್ಲ, ನನಗ ಸಮಾಧಾನ ಮಾಡಾಕ ಆಕಿ ಮ್ಯಾಲ ಸುಳ್ಳ ಹಾಕಬ್ಯಾಡ ಅಂತ ನನಗ ಬೈದ್ಲು. ಆಕಿನ ಬಂದು ಹೇಳಲಿ, ಆಗ ನಂಬ್ತೀನಿ ಅಂದ್ಲು.’

ಒಂದು ರಾತ್ರಿ ಬಸ್ಸಿನ ದಾರಿ. ನಾನು ಹೋಗಿರಲಿಲ್ಲ.

ಆಮೇಲೆ ಅಕ್ಕ ಹಾಸಿಗೆ ಹಿಡಿದು ಊಟ ಕಮ್ಮಿ ಮಾಡ್ತಾ ಬಂದ್ಲಂತೆ. ಮಗಳಿಗೆ ದಿಕ್ಕು ತೋಚದೆ ತನ್ನ ತಲೆ ಬಾಚೋದು ನಿಲ್ಲಿಸಿದ್ಲಂತೆ. ವರ್ಷ ಕಳೆಯೋ ಹೊತ್ತಿಗೆ ತಲೆ ಹಿಂದೆ ಗಂಟು ಬಿತ್ತು. ‘ನೋಡವ್ವಾ, ವಾಪಸ್ ಬಂದಾಳ’ ಅಂತ ಅಮ್ಮನಿಗೆ ತೋರಿಸಿದಳಂತೆ. ಅವತ್ತು ಅಕ್ಕ ಎದ್ದು ಕೂತು ಹೊಟ್ಟೆ ತುಂಬ ಉಂಡಳಂತೆ. ಈಗ ಅದು ಬೆನ್ನ ತನಕ ಇಳಿದಿದೆ, ಮಗಳು ಅಲ್ಲೊಂದು ಬಟ್ಟೆ ಅಂಗಡೀಲಿ ಕೆಲಸ ಮಾಡ್ತಾಳೆ, ತಲೆ ಮೇಲೆ ಸೆರಗು ಹೊದ್ದುಕೊಂಡೇ ನಿಲ್ತಾಳೆ.

‘ಅಮ್ಮ ಇಲ್ಲವಲ್ಲ ಮಗಳೇ, ಇನ್ನು ಅದು ಯಾಕೆ? ನಾಳೆನೇ ಬಸ್ ಹತ್ತಿ ಬರ್ತೀನಿ. ಒಂಚೂರೂ ನೋಯದ ಹಾಗೆ ತೆಗೆದುಕೊಡ್ತೀನಿ’ ಅಂದೆ. ಅಳ್ತಾ ಅಂದೆ.

ಅವಳು ಸಿಟ್ಟಿಲ್ಲದೆ, ಮೆತ್ತಗೆ, ‘ಬ್ಯಾಡ್ರೀ ಆಂಟಿ. ಇದನ್ನ ನೀವು ಮುಟ್ಟಬ್ಯಾಡ್ರಿ’ ಅಂದ್ಲು.

ಆಯ್ತು ಅಂದೆ. ಅವಳಾದ್ರೂ ನನ್ನನ್ನ ಸರಿಯಾಗಿ ಗುರುತು ಹಿಡಿದಿದ್ದಾಳೆ. ಅಕ್ಕ ಕೊನೇವರೆಗೂ ನನ್ನನ್ನ ನಂಬಿಕೊಂಡೇ ಹೋದ್ಲು.