ಸ್ಕೈ ದ್ವೀಪದ ಶ್ರಾವಣ ಶನಿವಾರ

ಬ್ರೈಟನ್ನಿನ ಸಮುದ್ರತೀರದಲ್ಲಿ ಮರಳಿರಲಿಲ್ಲ. ಉದ್ದಕ್ಕೂ ಬರೀ ಕಲ್ಲು, ಕೋಳಿಮೊಟ್ಟೆ ಗಾತ್ರದ ನುಣುಪು ಕಲ್ಲು. ಅದರ ಮೇಲೆ ಜನ ದಪ್ಪ ಕೋಟು ತೊಟ್ಟು ಕುಳಿತು, ಕೊರೆಯುವ ಗಾಳಿಯಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದರು. ಗಂಗೊಳ್ಳಿಯಲ್ಲಿ ಹುಟ್ಟಿ, ಬರಿಗಾಲಲ್ಲಿ ಅಲೆಗೆ ಓಡಿ ಬೆಳೆದ ನನಗೆ ಅಲ್ಲಿ ನಾಲ್ಕು ಹೆಜ್ಜೆ ನೆಟ್ಟಗೆ ಇಡಲಾಗಲಿಲ್ಲ. ಲಂಡನ್ನಿಗೆ ಬಂದು ಅವತ್ತಿಗೆ ಒಂದೂವರೆ ವರ್ಷ. ಈ ದೇಶ ಸುತ್ತ ನೀರಿರುವ ದ್ವೀಪ ಎಂಬುದು ಅಲ್ಲಿಯವರೆಗೆ ನನ್ನ ತಲೆಗೇ ಬಂದಿರಲಿಲ್ಲ.

ಬರುವುದಾದರೂ ಹೇಗೆ? ನಾವಿದ್ದದ್ದು ಈಸ್ಟ್ ಹ್ಯಾಮಿನ ಒಂದು ಮನೆಯ ಮಹಡಿಯ ಕೋಣೆಯಲ್ಲಿ. ಕೆಳಗೆ ಇನ್ನೆರಡು ಸಂಸಾರ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಗಂಡ ರಾಘವ ಹತ್ತಿರದ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದರು. ಅಂಗಡಿಬೀದಿಯಲ್ಲಿ ಸೀರೆಯಿಂದ ನುಗ್ಗೆಕಾಯಿಯವರೆಗೆ ಎಲ್ಲವೂ ಸಿಗುತ್ತಿತ್ತು, ಅದೂ ತಮಿಳಿನಲ್ಲಿ. ನನಗೆ ಇಂಗ್ಲಿಷಿಗಿಂತ ಮೊದಲು ತಮಿಳೇ ಬಂತು. ಇಲ್ಲಿಯವರು ಎದುರಾದಾಗ ‘ಆಲ್‌ರೈಟ್?’ ಎನ್ನುತ್ತಾರೆ. ಮೊದಮೊದಲು ನಾನು ಕಾಯಿಲೆಯವಳಂತೆ ಕಾಣುತ್ತಿದ್ದೇನೇನೋ ಎಂದು ಗಾಬರಿಯಾಗಿ ನೆಗಡಿ, ಸೊಂಟನೋವು ಎಲ್ಲ ವಿವರಿಸುತ್ತಿದ್ದೆ. ಅದು ನಮ್ಮ ‘ಊಟ ಆಯ್ತಾ’ ಇದ್ದ ಹಾಗೆ. ಕೇಳಿದವರಿಗೆ ಉತ್ತರ ಬೇಕಿರುವುದಿಲ್ಲ.

ಎರಡನೆಯ ಬೇಸಿಗೆಯಲ್ಲಿ ನನಗೂ ಕೆಲಸ ಸಿಕ್ಕಿತು. ಮಕ್ಕಳ ಮನೆಗೆಂದು ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಬಸ್ಸಿನಲ್ಲಿ ದೇಶ ಸುತ್ತಿಸುವ ಒಂದು ಸಣ್ಣ ಕಂಪನಿ. ಬ್ರೈಟನ್ನು ಅದರ ಒಂದು ದಿನದ ಪ್ರವಾಸ. ವಾರದ ಪ್ರವಾಸ ಸ್ಕಾಟ್ಲೆಂಡಿನವರೆಗೆ. ನಾನು ಅಡುಗೆಯವಳು. ತಂಗುವ ಕಡೆ ಅಡುಗೆಮನೆಯ ಒಂದು ಮೂಲೆ ಬಿಟ್ಟುಕೊಡುತ್ತಿದ್ದರು. ಅಲ್ಲಿ ಅನ್ನ, ಸಾರು, ಪಲ್ಯ. ಗುಂಪು ಕನ್ನಡದವರದ್ದಾದರೆ ಮೈಕೂ ನನ್ನ ಕೈಗೇ ಬರುತ್ತಿತ್ತು. ಕಂಪನಿಯವರು ಕೊಟ್ಟ ಹಾಳೆ ನೋಡಿಕೊಂಡು ‘ಎಡಗಡೆ ನೋಡಿ, ಸಾವಿರಾರು ವರ್ಷ ಹಳೆಯ ಕಲ್ಲುಗಳು’ ಎನ್ನುತ್ತಿದ್ದೆ.

ನೋಡಿದ್ದನ್ನೆಲ್ಲ ಭಾಸ್ಕರಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅಣ್ಣ ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವನು. ಕೋಟೆ, ಅರಮನೆ ಅವನಿಗೆ ಬೇಡ.

“ಆ ಸರೋವರದಗೆ ಬೋಟ್ ಇತ್ತ್ ಅಂದ್ಯಲೆ, ಎಂತಾ ಇಂಜಿನ್ ಅದ್ಕೆ?” ಎಂದು ಕೇಳುತ್ತಿದ್ದ.

“ನಂಗೆ ಹ್ಯಾಂಗೆ ಗೊತ್ತಾತ್ತ್ ಅಣ್ಣ?”

“ಕೇಣುಕಾಗ್ದಾ? ಅಷ್ಟ್ ದೂರ ಹೋಯಿ ಬರೀ ನೀರ್ ಕಂಡ್ಕಂಡ್ ಬಂದ್ಯಾ?”

ಹಾಗಾಗಿ ಆಗಸ್ಟಿನ ಆ ಗುರುವಾರ, ವಿಂಡರ್ಮಿಯರ್ ಸರೋವರದ ಕಟ್ಟೆಯಲ್ಲಿ ಬೋಟಿಗಾಗಿ ನಿಂತಿದ್ದಾಗ ಬಂದ ಫೋನ್ ಅಣ್ಣನದೇ ಇರಬೇಕು ಎಂದುಕೊಂಡೆ. ರಾಘವ ಮಾಡಿದ್ದರು.

“ಭಾಸ್ಕರಣ್ಣ ಹೋದ್ರಂಬ್ರ್,” ಎಂದರು. “ಬಂದರದಗೆ ಕೆಲ್ಸ ಮಾಡ್ತಾ ಇದ್ದಲ್ಲೇ ಕುಸ್ದ್ ಬಿದ್ರಂಬ್ರ್.”

“ನಾನ್ ಊರಿಗ್ ಹೋಯ್ಕ್,” ಎಂದೆ.

“ಪಾಸ್‌ಪೋರ್ಟ್ ಇಲ್ದೆ ಹ್ಯಾಂಗೆ ಹೋಪ್ದ್?”

ನಮ್ಮಿಬ್ಬರ ಪಾಸ್‌ಪೋರ್ಟೂ ವೀಸಾ ಮುಂದುವರಿಸಲು ಅರ್ಜಿಯೊಂದಿಗೆ ಹೋಗಿದ್ದವು. ಹಿಂದಕ್ಕೆ ತರಿಸಿಕೊಂಡರೆ ಅರ್ಜಿಯೇ ಬಿದ್ದುಹೋಗುತ್ತದೆ, ಮತ್ತೆ ಇಲ್ಲಿಗೆ ಬರುವ ಬಾಗಿಲು ಮುಚ್ಚುತ್ತದೆ. ಅದು ನನಗೂ ಗೊತ್ತಿತ್ತು. ಫೋನು ಚೀಲಕ್ಕೆ ಹಾಕಿದೆ. ಬಸ್ಸಿನ ಡ್ರೈವರ್ ಟೆರ್ರಿ ಪಕ್ಕದಲ್ಲಿ ಹಾದುಹೋಗುತ್ತಾ “ಆಲ್‌ರೈಟ್?” ಎಂದ. “ಆಲ್‌ರೈಟ್,” ಎಂದೆ. ಬೋಟು ಹತ್ತಿ ಮೈಕು ಹಿಡಿದು, ಇದು ಇಂಗ್ಲೆಂಡಿನ ಅತಿ ದೊಡ್ಡ ಸರೋವರ ಎಂದು ಹೇಳಿದೆ. ದನಿ ಎಂದಿನಂತೆಯೇ ಇತ್ತು. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಊರಿನಲ್ಲಾಗಿದ್ದರೆ ಅಳುವವರ ನಡುವೆ ಕುಳಿತಿರುತ್ತಿದ್ದೆ. ಇಲ್ಲಿ ಮೂವತ್ತನಾಲ್ಕು ಜನ ಸರೋವರದ ಕಡೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಯಾರಿಗೂ ಹೇಳಲಿಲ್ಲ. ಹೇಳದಿರಲು ಕಾರಣವೂ ಇತ್ತು. ನಮ್ಮ ಕಡೆ ಮದುವೆಯಾದ ಹೆಣ್ಣಿಗೆ ತವರಿನ ಸಾವಿಗೆ ಮೂರು ದಿನ ಸೂತಕ. ಸೂತಕದವಳು ಅಡುಗೆ ಮಾಡಿ ಬಡಿಸುವಂತಿಲ್ಲ, ದೇವರ ಕೆಲಸಕ್ಕೆ ಕೈ ಹಚ್ಚುವಂತಿಲ್ಲ. ಆ ಗುಂಪಿನಲ್ಲಿ ಮೈಸೂರಿನ ಸಾವಿತ್ರಮ್ಮ ಎಂಬ ಹಿರಿಯರಿದ್ದರು. ಸ್ಟ್ಯಾನ್ಮೋರಿನ ಮಗನ ಮನೆಗೆ ಬಂದವರು. ಕೈಚೀಲದಲ್ಲಿ ಹೆಬ್ಬೆರಳುದ್ದದ ಕೃಷ್ಣನ ವಿಗ್ರಹ. ನಾನು ಮಾಡಿದ್ದರಲ್ಲಿ ಮೊದಲ ಬಟ್ಟಲು ಅವನ ನೈವೇದ್ಯಕ್ಕೆ ಹೋಗಬೇಕು, ಆಮೇಲೆ ಅವರ ಊಟ. ಗುರುವಾರ ರಾತ್ರಿಯ ಅಡುಗೆಯಲ್ಲೂ ಬಟ್ಟಲು ತುಂಬಿ ಕೊಟ್ಟೆ. ಶುಕ್ರವಾರವೂ ಕೊಟ್ಟೆ. ನಾನು ಮಾಡದಿದ್ದರೆ ಆ ಬೆಟ್ಟಗಳ ನಡುವೆ ಅವರಿಗೆ ಅನ್ನ ಎಲ್ಲಿ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಶುಕ್ರವಾರ ಗ್ಲೆನ್ಕೋ ಕಣಿವೆ, ಲಾಕ್ ನೆಸ್ ನೋಡಿದೆವು. ಸ್ಕಾಟ್ಲೆಂಡಿನಲ್ಲಿ ಸರೋವರಕ್ಕೆ ಲಾಕ್ ಎನ್ನುತ್ತಾರೆ. ನೀರಿನೊಳಗೆ ದೊಡ್ಡ ಪ್ರಾಣಿಯೊಂದಿದೆ ಎಂಬ ಕತೆ ಹೇಳಿದೆ. ಎಲ್ಲರೂ ಕಿಟಕಿಗೆ ಮುಖ ಅಂಟಿಸಿ ಹುಡುಕಿದರು. ಶನಿವಾರ ಸೇತುವೆ ದಾಟಿ ಸ್ಕೈ ದ್ವೀಪಕ್ಕೆ ಬಂದೆವು. ಚೂಪು ಬಂಡೆಗಳು, ಬೆಟ್ಟದಿಂದ ನೇರ ಸಮುದ್ರಕ್ಕೆ ಬೀಳುವ ನೀರು, ಕುರಿ ಮೇಯುವ ಹಸಿರು. ಅಷ್ಟು ಚೆಂದದ ಜಾಗವನ್ನು ನಾನು ಈ ದೇಶದಲ್ಲಿ ನೋಡಿಲ್ಲ. ಆದರೆ ಚೆಂದ ಎಂದು ಗೊತ್ತಾಗುತ್ತಿತ್ತು ಅಷ್ಟೆ, ಬೇರೆ ಯಾರೋ ನೋಡಿ ಬಂದು ನನಗೆ ಹೇಳಿದಂತೆ.

ಮಧ್ಯಾಹ್ನ ಸಾವಿತ್ರಮ್ಮ ಅಡುಗೆಮನೆಯ ಬಾಗಿಲಿಗೇ ಬಂದರು.

“ಇವತ್ತು ಶ್ರಾವಣ ಶನಿವಾರ ಕಣಮ್ಮ. ಸ್ವಾಮಿಗೆ ಒಂದಿಷ್ಟು ಪಾಯಸ ಮಾಡಿಬಿಡ್ತೀಯಾ?”

ಅವರು ಆಗಲೇ ಮಡಿಯುಟ್ಟಿದ್ದರು. ಆ ಚಳಿಯಲ್ಲಿ, ತಣ್ಣೀರಿನಲ್ಲಿ ಹಿಂಡಿದ ಸೀರೆ. ಹಾಲಿನ ಪಾತ್ರೆಗೆ ಕೈ ಚಾಚಿದವಳು ನಿಂತೆ.

“ಅಮ್ಮಾ, ನನಗೆ ಸೂತಕ,” ಎಂದೆ. “ಅಣ್ಣ ಹೋದ.”

“ಯಾವಾಗ?”

“ಮೊನ್ನೆ. ಬೋಟ್ ಹತ್ತುವ ಮೊದಲು.”

ಅವರು ಲೆಕ್ಕ ಹಾಕುತ್ತಿರುವುದು ಮುಖದಲ್ಲಿ ಕಂಡಿತು. “ಹಾಗಾದ್ರೆ ನೆನ್ನೆ ಕೊಟ್ಟಿದ್ದು?”

“ಸೂತಕದಲ್ಲೇ.”

ತಿರುಗಿ ಹೊರಟುಹೋದರು. ಅವತ್ತು ಅವರು ಬಾಳೆಹಣ್ಣು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಸುದ್ದಿ ಹರಡಿ ಇನ್ನೂ ಏಳೆಂಟು ಜನ ತಟ್ಟೆ ಪಕ್ಕಕ್ಕಿಟ್ಟರು. ಆಗ ಅದೇ ಗುಂಪಿನ ಲಿಲ್ಲಿ ಬಾಯಿ ಎದ್ದು ಬಂದರು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಮೂವತ್ತು ವರ್ಷ ನರ್ಸ್ ಆಗಿದ್ದು, ನಿವೃತ್ತರಾಗಿ ಅಕ್ಸ್‌ಬ್ರಿಡ್ಜಿನಲ್ಲಿದ್ದವರು.

“ನೀನು ಆಚೆ ಕೂತ್ಕೋ. ನಾನು ಬಡಿಸ್ತೇನೆ,” ಎಂದು ನನ್ನ ಕೈಯಿಂದ ಸೌಟು ತೆಗೆದುಕೊಂಡರು. “ಎರಡು ದಿನದಿಂದ ಸಾರಿಗೆ ಎರಡೆರಡು ಸಲ ಉಪ್ಪು ಹಾಕ್ತಾ ಇದ್ದಿ. ಆಗಲೇ ಕೇಳ್ಬೇಕಿತ್ತು ನಾನು.”

ಸಂಜೆ ಸಾವಿತ್ರಮ್ಮ ನನ್ನ ಕೋಣೆಯ ಬಾಗಿಲು ತಟ್ಟಿದರು. ಬೈಯುತ್ತಾರೆ ಎಂದುಕೊಂಡೆ. ಕೋಪ ಹೋಗಿರಲಿಲ್ಲ.

“ದೇವರಿಗೆ ಸುಳ್ಳು ಬಡಿಸಿಬಿಟ್ಟೆಯಲ್ಲೇ,” ಎಂದರು. ಆಮೇಲೆ, “ಮಣ್ಣಿಗೂ ಹೋಗೋಕಾಗ್ಲಿಲ್ವಾ ನಿನಗೆ?” ಎಂದರು.

ಇಲ್ಲವೆಂದು ತಲೆಯಾಡಿಸಿದೆ.

“ನಾಳೆ ಬೆಳಿಗ್ಗೆ ತಲೆ ಮೇಲೆ ನೀರು ಹಾಕ್ಕೋಬೇಕು. ಹೋಟೆಲಿನ ಶವರ್ ಬೇಡ. ಸಮುದ್ರ ಇದೆಯಲ್ಲ. ನಾನು ಬರ್ತೀನಿ.”

ಭಾನುವಾರ ಬೆಳಗಾದ ಮೇಲೆ ಲಿಲ್ಲಿ ಬಾಯಿಯೂ ಜೊತೆಗೂಡಿ ಮೂವರೂ ಹೋದೆವು. ಅಲ್ಲಿಯೂ ಕಲ್ಲಿನ ತೀರವೇ. ಸಾವಿತ್ರಮ್ಮ ಒಣಬಟ್ಟೆ ಹಿಡಿದು ನಿಂತರು. ಲಿಲ್ಲಿ ಬಾಯಿ ಗಡಿಯಾರ ನೋಡುತ್ತಾ, “ಮೂರು ಮುಳುಗು, ಮೇಲೆ ಬಾ. ಆಟ ಅಲ್ಲ ಈ ನೀರು,” ಎಂದು ಎಚ್ಚರಿಸಿದರು. ಸೊಂಟದಷ್ಟು ನೀರಿಗಿಳಿದು ಮೂರು ಸಲ ಮುಳುಗಿದೆ. ಎದೆ ಹಿಡಿದುಕೊಂಡು ಉಸಿರು ಸಿಗಲಿಲ್ಲ. ನಾಯಿ ತಿರುಗಾಡಿಸುತ್ತಿದ್ದ ವಯಸ್ಸಾದ ದಂಪತಿ ನಿಂತು ನೋಡಿದರು. ಆಕೆ ನಗುತ್ತಾ, ನಾವೂ ದಿನಾ ಈಜುತ್ತೇವೆ, ಚೆನ್ನಾಗಿರುತ್ತದಲ್ಲವೇ ಎಂದರು. ಹಲ್ಲು ಕಟಕಟಿಸುತ್ತಾ ಹೌದು ಎಂದೆ. ಸಾವಿತ್ರಮ್ಮ ನನ್ನ ತಲೆ ಒರೆಸಿದರು, ಮಗುವಿಗೆ ಒರೆಸುವ ಹಾಗೆ ಗಟ್ಟಿಯಾಗಿ ತಿಕ್ಕಿ. ಆಗಲೂ ಅಳು ಬರಲಿಲ್ಲ. ಮಧ್ಯಾಹ್ನ ಅವರು ಬಟ್ಟಲು ತಂದು ನನ್ನ ಮುಂದಿಟ್ಟರು. ಪಾಯಸ ಹಾಕಿಕೊಟ್ಟೆ.

ಪಾಸ್‌ಪೋರ್ಟು ಬಂದಾಗ ದೀಪಾವಳಿ ಹತ್ತಿರವಾಗಿತ್ತು. ಗಂಗೊಳ್ಳಿಗೆ ಹೋದೆ. ಕಾರ್ಯಗಳೆಲ್ಲ ಎಂದೋ ಮುಗಿದಿದ್ದವು. ಅಳುವವರೆಲ್ಲ ಅತ್ತು ಮುಗಿಸಿ ಅವರವರ ಕೆಲಸಕ್ಕೆ ಮರಳಿದ್ದರು. ನನ್ನನ್ನು ಕಂಡು ಮತ್ತೊಮ್ಮೆ ಅಳಬೇಕೋ ಬೇಡವೋ ಎಂದು ಯಾರಿಗೂ ತೋಚಲಿಲ್ಲ. ನೆರೆಯವರು ಬಂದು ಕುಳಿತು, “ಅಲ್ಲಿ ಕಾಂಬುಕೆ ಎಂತೆಂತ ಇತ್ತ್ ಮಾರಾಯ್ತಿ?” ಎಂದು ಕೇಳಿದರು. ಎಡಿನ್‌ಬರೋ ಕೋಟೆ, ಲಾಕ್ ನೆಸ್, ಸ್ಕೈ ಎಂದು ಒಂದೊಂದಾಗಿ ಹೇಳಿದೆ. ಹೇಳುತ್ತಿದ್ದದ್ದು ಮೈಕಿನ ಕನ್ನಡದಲ್ಲಿ, ಮನೆಯ ಮಾತಿನಲ್ಲಲ್ಲ ಎಂಬುದು ಅರ್ಧ ದಾರಿಯಲ್ಲಿ ಗೊತ್ತಾಯಿತು. ನಿಲ್ಲಿಸಲಿಲ್ಲ.

ಅವರೆಲ್ಲ ಹೋದ ಮೇಲೆ ಅತ್ತಿಗೆ ಚಹಾ ತಂದುಕೊಟ್ಟು ಪಕ್ಕದಲ್ಲಿ ಕುಳಿತರು.

“ಊರಿಗೆ ಯಾವತ್ತ್ ಹೋಪ್ದ್?” ಎಂದು ಕೇಳಿದರು.

ಯಾವ ಊರು ಎಂದು ಅವರ ಮುಖ ನೋಡಿದೆ. ಕುಹಕವೇನೂ ಇರಲಿಲ್ಲ, ಲಂಡನ್ನನ್ನೇ ಊರೆಂದು ನಿಜವಾಗಿಯೇ ಕೇಳುತ್ತಿದ್ದರು.

“ಬಪ್ಪು ಗುರುವಾರ,” ಎಂದೆ.