ಕಂಡಕ್ಟರ್ ಗ್ಯಾನಮ್ಮನ ಸಿಟ್ಟು

ಸಿಂಧನೂರು–ಲಿಂಗಸುಗೂರು ಬಸ್ಸಿನಲ್ಲಿ ದಿನಾ ಓಡಾಡುವವರಿಗೆಲ್ಲ ಕಂಡಕ್ಟರ್ ಗ್ಯಾನಮ್ಮನ ಬಾಯಿ ಗೊತ್ತು. ಆಧಾರ್ ಕಾರ್ಡ್ ಮರೆತು ಹತ್ತಿದ ಹೆಂಗಸರಿಗೆ ಬೈಯುತ್ತಾಳೆ, ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರ ಮಾನ ಕಳೆಯುತ್ತಾಳೆ. ಅದೆಲ್ಲ ಬಸ್ಸಿನ ಸಿಟ್ಟು, ಇಳಿದ ಮೇಲೆ ಇರುವುದಿಲ್ಲ. ಆದರೆ ಭೂಮಿ ತಿರುಗುತ್ತದೆ ಎಂದು ಯಾರಾದರೂ ಅಂದರೆ ಮುಗಿಯಿತು. ಗ್ರಹಣದ ಮರುದಿನ ಒಬ್ಬ ಮಾಸ್ತರರು ಪಕ್ಕದವರಿಗೆ ಭೂಮಿ ತಿರುಗುವ, ನೆರಳು ಬೀಳುವ ಲೆಕ್ಕ ವಿವರಿಸುತ್ತಿದ್ದಾಗ ಟಿಕೆಟ್ ಮಷಿನ್ ಬಗಲಿಗೆ ಸಿಕ್ಕಿಸಿಕೊಂಡು ಅವರ ಎದುರು ನಿಂತು ವಾದ ಮಾಡಿದ್ದಳು. ಬಸ್ಸಿಗೆ ಬಸ್ಸೇ ನಕ್ಕಿತ್ತು. ನಕ್ಕದ್ದು ಯಾರನ್ನು ನೋಡಿ ಎಂಬುದು ಅವಳಿಗೂ ತಿಳಿದಿತ್ತು.

ಆ ಸಿಟ್ಟು ಹಳೆಯದು. ಪಾಮನಕಲ್ಲೂರಿನ ಕುರಿಗಾರರ ಮನೆಯ ಮಗಳು ಅವಳು. ಎಂಟನೇ ಕ್ಲಾಸಿನಲ್ಲಿದ್ದಾಗ, ವಿಜ್ಞಾನದ ಅಮರಯ್ಯ ಮಾಸ್ತರರು ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಎಂದು ಬರೆಸಿದರು. ಗ್ಯಾನಮ್ಮ ಎದ್ದು ನಿಂತಳು.

"ಭೂಮಿ ತಿರುಗತಿದ್ರ, ಮ್ಯಾಲ ಹಾರಿದ ಹಕ್ಕಿ ಹೊಳ್ಳಿ ತನ್ನ ಗೂಡಿಗೆ ಹ್ಯಾಂಗ ಬರತೈತ್ರಿ ಸರ? ಅಷ್ಟೊತ್ತಿಗೆ ಗಿಡಾನೇ ಮುಂದ ಹೋಗಿರಬೇಕಲ್ಲ?"

ಮಾಸ್ತರರು ಬೆತ್ತ ಹಿಡಿದು ಬೆಂಚಿನ ತನಕ ಬಂದರು. ಅಂಗೈ ಮೇಲೆ ಬರೆ ಎದ್ದವು. ಕುರಿ ಕಾಯೋರಿಗೆ ಭೂಮಿ ತಿರುಗಿದರೇನು, ನಿಂತರೇನು ಎಂದರು. ಕ್ಲಾಸು ನಕ್ಕಿತು. ಅಂದಿನಿಂದ ಹುಡುಗರು ಅವಳನ್ನು ಕಂಡಲ್ಲೆಲ್ಲ ಹಕ್ಕಿಯಂತೆ ಕೂಗತೊಡಗಿದರು. ತಿಂಗಳೊಪ್ಪತ್ತಿನಲ್ಲಿ ಅವಳು ಶಾಲೆ ಬಿಟ್ಟು ಅಪ್ಪನ ಕುರಿಗಳ ಹಿಂದೆ ಹೋದಳು. ಅಪ್ಪನೂ ಯಾಕೆಂದು ಕೇಳಲಿಲ್ಲ.

ಮದುವೆಯಾದ ಮೇಲೆ ಹಟ ಹಿಡಿದು ಮನೆಯಲ್ಲೇ ಓದಿ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿದಳು, ಪಾಸಾದಳು, ಕಂಡಕ್ಟರ್ ಆದಳು. ವಿಜ್ಞಾನದ ಪೇಪರಿನಲ್ಲಿ ಭೂಮಿ ತಿರುಗುತ್ತದೆ ಎಂದೇ ಬರೆದಿದ್ದಳು. ಮನಸ್ಸು ಮಾತ್ರ ಒಪ್ಪಿರಲಿಲ್ಲ.

ಕೈಗೆ ದೊಡ್ಡ ಫೋನು ಬಂದಾಗ ಯೂಟ್ಯೂಬಿನಲ್ಲಿ ಒಬ್ಬ ಸಿಕ್ಕ. ಭೂಮಿ ನಿಂತಲ್ಲೇ ನಿಂತಿದೆ, ವಿಜ್ಞಾನಿಗಳು ಸುಳ್ಳು ಹೇಳುತ್ತಿದ್ದಾರೆ ಎಂಬುದು ಅವನ ವಾದ. ಹಿಂದೆಯೂ ಆಕಾಶದ ವಿಷಯದಲ್ಲಿ ಎದುರು ಮಾತಾಡಿದವರನ್ನು ಸೆರೆಗೆ ಹಾಕಿದರು, ಸುಟ್ಟರು, ನಾನೂ ಅವರ ಸಾಲಿನವನೇ, ಅಂಜದೆ ಪ್ರಶ್ನೆ ಕೇಳಿ ಎನ್ನುತ್ತಿದ್ದ. ಒಂದು ದಿನ ಅವನೇ ಹಕ್ಕಿ ಮತ್ತು ಗೂಡಿನ ಮಾತೆತ್ತಿದ. ಗ್ಯಾನಮ್ಮನಿಗೆ ಎದೆ ತುಂಬಿ ಬಂತು. ತಾನು ಕೇಳಿದ್ದನ್ನು ಕೇಳಿ ನಗದವನು ಜಗತ್ತಿನಲ್ಲಿ ಒಬ್ಬನಾದರೂ ಇದ್ದಾನಲ್ಲ. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಅವನದೇ ಮಾತು, ಅವನದೇ ವಾದ.

ಮಸ್ಕಿಯಲ್ಲಿ ಹತ್ತಿ ಲಿಂಗಸುಗೂರಿಗೆ ಹೋಗುವ ಕಾಲೇಜು ಉಪನ್ಯಾಸಕಿ ಸುರೇಖಾ ಒಂದು ಬೆಳಿಗ್ಗೆ ಆ ವಾದವನ್ನು ಪೂರ್ತಿ ಕೇಳಿಸಿಕೊಂಡಳು. ನಗಲಿಲ್ಲ. ಈ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ ಎಂದಳು. ಒಂದೂವರೆ ಸಾವಿರ ವರ್ಷದ ಹಿಂದೆ ಆರ್ಯಭಟ ಭೂಮಿ ತಿರುಗುತ್ತದೆ ಎಂದಾಗ ನಮ್ಮ ದೇಶದ ದೊಡ್ಡ ದೊಡ್ಡ ಪಂಡಿತರೇ ಅವನಿಗೆ ಹಕ್ಕಿ ಗೂಡಿನ ಪ್ರಶ್ನೆ ಹಾಕಿದ್ದರು. ಆ ಕಾಲದಲ್ಲಿ ತಿರುಗುತ್ತದೆ ಎಂದವನೇ ತಲೆಕೆಟ್ಟವನ ಹಾಗೆ ಕಾಣುತ್ತಿದ್ದ ಎಂದು ಬಿಡಿಸಿ ಹೇಳಿದಳು. ಆಮೇಲೆ, "ಒಂದು ನಾಣ್ಯ ಮ್ಯಾಲ ಒಗೀರಿ ಅಕ್ಕಾ" ಎಂದಳು.

ಬಸ್ಸು ನೆಟ್ಟನೆಯ ರಸ್ತೆಯಲ್ಲಿ ಒಂದೇ ಸಮ ಓಡುತ್ತಿತ್ತು. ಗ್ಯಾನಮ್ಮ ನಾಣ್ಯ ಚಿಮ್ಮಿದಳು. ಅದು ಅವಳ ಅಂಗೈಗೇ ಬಂದು ಬಿತ್ತು.

"ಬಸ್ಸು ಮುಂದ ಓಡಾಕತ್ತೈತಿ. ನಾಣ್ಯ ಯಾಕ ಹಿಂದಿನ ಸೀಟಿಗೆ ಹೋಗಲಿಲ್ಲ? ಬಸ್ಸಿನ ಜೋಡಿ ಅದೂ ಓಡಾಕತ್ತೈತಿ. ಹಕ್ಕೀನೂ ಗಾಳೀನೂ ಹಂಗ, ಭೂಮಿ ಜೋಡೀನ ಹೊಂಟಾವ."

ಗ್ಯಾನಮ್ಮ ಮತ್ತೊಮ್ಮೆ ಚಿಮ್ಮಿದಳು. ಇನ್ನೊಮ್ಮೆ. ದಿನಬೆಳಗಾದರೆ ಇದೇ ಬಸ್ಸಿನಲ್ಲಿ ನಿಂತು ಚಿಲ್ಲರೆ ಕುಲುಕಾಡಿಸುವವಳು ತಾನು. ಸುರೇಖಾ ಖುಷಿಯಿಂದ ನೋಡುತ್ತಿದ್ದಳು, ಗ್ಯಾನಮ್ಮನ ಮುಖ ಮಾತ್ರ ಕಪ್ಪಿಟ್ಟಿತು. ಇಷ್ಟೇನಾ? ಒಂದು ಮಾತಿನಲ್ಲಿ ಮುಗಿಯುವ ಈ ಪ್ರಶ್ನೆಗಾಗಿಯಾ ತಾನು ಶಾಲೆ ಬಿಟ್ಟದ್ದು?

ಸಂಜೆ ಆ ಯೂಟ್ಯೂಬಿನವನಿಗೆ ನಾಣ್ಯದ ಸಂಗತಿ ಬರೆದು, ಇದಕ್ಕೇನು ಹೇಳುತ್ತೀರಿ ಎಂದು ಕೇಳಿದಳು. ನೀನು ವಿಜ್ಞಾನಿಗಳ ದುಡ್ಡಿಗೆ ಮಾರಿಕೊಂಡವಳು ಎಂದು ಉತ್ತರ ಬಂತು. ತಿರುಗಿ ಬರೆಯಲು ಹೋದರೆ ಅವಳನ್ನು ಬ್ಲಾಕ್ ಮಾಡಿದ್ದ. ಪ್ರಶ್ನೆ ಕೇಳಿ ಎಂದು ಕೂಗುತ್ತಿದ್ದವನಿಗೆ ಮೈಯೆಲ್ಲ ಬಾಯಿ, ಕಿವಿ ಮಾತ್ರ ಇರಲಿಲ್ಲ. ಗ್ಯಾನಮ್ಮ ಫೋನನ್ನು ಹಾಸಿಗೆಯ ಮೇಲೆ ಎಸೆದಳು.

ಮರುದಿನ ಮಸ್ಕಿಯಲ್ಲಿ ಬಸ್ಸು ಊಟಕ್ಕೆ ನಿಂತಾಗ ಡಬ್ಬಿ ಬಿಚ್ಚದೆ, ಈಗ ಅದೇ ಊರಲ್ಲಿರುವ ಅಮರಯ್ಯ ಮಾಸ್ತರರ ಮನೆಗೆ ನಡೆದಳು. ರಿಟೈರಾಗಿ ಸೊರಗಿದ್ದ ಮಾಸ್ತರರು ಕಟ್ಟೆಯ ಮೇಲೆ ಪೇಪರು ಹಿಡಿದು ಕುಳಿತಿದ್ದರು. ಖಾಕಿ ಕಂಡು ಗಾಬರಿಯಾದರು. ಇಂಥ ಊರಿನವಳು, ಇಂಥ ಪ್ರಶ್ನೆ ಕೇಳಿದ್ದೆ, ಹೀಗೆ ಹೊಡೆದಿರಿ ಎಂದು ಅವಳು ನಿಂತಲ್ಲೇ ಹೇಳಿದಳು. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ಮಾಸ್ತರರು ಪೇಪರು ಮಡಚಿಟ್ಟರು.

"ನನಗೂ ಗೊತ್ತಿದ್ದಿಲ್ಲವ್ವ" ಎಂದರು. "ಪುಸ್ತಕದಾಗ ಇದ್ದಿದ್ದು ಹೇಳತಿದ್ದೆ. ಹುಡುಗ್ರ ಮುಂದ ಗೊತ್ತಿಲ್ಲ ಅನ್ನಾಕ ಆಗಲಿಲ್ಲ."

ಅವಳು ಎಲ್ಲದಕ್ಕೂ ತಯಾರಾಗಿ ಬಂದಿದ್ದಳು, ಇದೊಂದಕ್ಕೆ ಇರಲಿಲ್ಲ. ಸೊಕ್ಕಿನಿಂದ ಹೊಡೆದಿದ್ದರೆ ಬೈದು ಹೋಗಬಹುದಿತ್ತು.

"ಗೊತ್ತಿಲ್ಲ ಅಂದಿದ್ರ ನಿಮ್ಮ ಗಂಟೇನ್ ಹೋಗತಿತ್ರಿ?" ಎಂದಳು. ದನಿ ಏರಿರಲಿಲ್ಲ. "ನಾನೂ ಸುಮ್ನ ಕುಂದ್ರತಿದ್ದೆ. ನಾಳಿ ಮತ್ತ ಕೇಳತಿದ್ದೆ. ಶಾಲಿ ಬಿಡತಿದ್ದಿಲ್ಲ."

ಮಾಸ್ತರರು ಕೈ ಮುಗಿದರು. ಅವಳು ಮುಗಿಯಲಿಲ್ಲ, ಚಹಾ ಮುಟ್ಟಲಿಲ್ಲ, ಹೊರಟು ಬಂದಳು.

ನಿಲ್ದಾಣದಲ್ಲಿ ಡ್ರೈವರ್ ಯಮನೂರ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದ. ಹೇಳಿದಳು. ಪಾಪ, ವಯಸ್ಸಾದ ಜೀವ, ತಪ್ಪು ಒಪ್ಪಿಕೊಂಡರಲ್ಲ, ಹೋಗಲಿ ಬಿಡು ಎಂದ.

"ಅವರೊಬ್ಬರಿಗಷ್ಟ ವಯಸ್ಸಾತೇನು? ನನ್ನ ಶಾಲಿ ವಯಸ್ಸು ಹೊಳ್ಳಿ ಬರತೈತೇನು?" ಎಂದಳು ಗ್ಯಾನಮ್ಮ.

ಯಮನೂರ ಹತ್ತಿ ಸ್ಟೇರಿಂಗ್ ಹಿಡಿದ. ಅವಳು ಬಾಗಿಲು ಎಳೆದುಕೊಂಡು ಸೀಟಿ ಊದಿದಳು. ಬಸ್ಸು ಲಿಂಗಸುಗೂರಿನ ಕಡೆ ತಿರುಗಿತು.